ನವಿಲು ಬಣ್ಣದ ಗಾಜು

ಹತ್ತಿ ಸಾಲುಗಳ ನಡುವೆ ನಿಂತು ನಾಗರತ್ನಾ ತನ್ನ ಮೊಬೈಲನ್ನು ತಲೆಗಿಂತ ಮೇಲೆತ್ತಿ ಕೈಬಿಟ್ಟಳು. ಮೊನ್ನೆಯಷ್ಟೇ ಎಡೆ ಹೊಡೆದು ಸಡಿಲವಾಗಿದ್ದ ಎರೆಮಣ್ಣು ಅದನ್ನು ಮೆತ್ತಗೆ ಹಿಡಿದುಕೊಂಡಿತು. ಅದರ ಹಿಂಬದಿಯ ನೀಲಿ ಗಾಜಿಗೆ ಒಂದು ಗೆರೆಯೂ ಬೀಳಲಿಲ್ಲ.

ಹೋದ ದೀಪಾವಳಿಗೆ ಮಾವ ಇಬ್ಬರು ಸೊಸೆಯರಿಗೂ ಒಂದೇ ಥರದ ಮೊಬೈಲು ಕೊಡಿಸಿದ್ದರು. ಹಿರಿಯಳೆಂದು ನೀಲಿಯದನ್ನು ಮೊದಲು ಆರಿಸಿಕೊಂಡವಳು ನಾಗರತ್ನಾಳೇ. ಕಿರಿಯ ಸೊಸೆ ರೇಷ್ಮಾಳಿಗೆ ಉಳಿದದ್ದು ಕರಿಯದು. ಕಳೆದ ವಾರ ಆ ಕರಿಯದರ ಹಿಂದಿನ ಗಾಜು ಒಡೆಯಿತು. ರೇಷ್ಮಾ ಕುಂದಗೋಳದ ಅಂಗಡಿಯಲ್ಲಿ ಹೊಸದು ಹಾಕಿಸಿಕೊಂಡು ಬಂದಳು. ನವಿಲು ಬಣ್ಣದ್ದು, ಹೊರಳಿಸಿದಂತೆಲ್ಲ ಮಿಂಚುವಂಥದ್ದು. ಮನೆಗೆ ಬಂದವರೆಲ್ಲ ಅದನ್ನೇ ಕೈಗೆತ್ತಿಕೊಂಡು ನೋಡತೊಡಗಿದರು. ಅಂದಿನಿಂದ ನಾಗರತ್ನಾಳಿಗೆ ಉಂಡದ್ದು ಮೈಗೆ ಹತ್ತುತ್ತಿಲ್ಲ.

ಈ ಸಲ ಎತ್ತಿ ಜೋರಾಗಿಯೇ ನೆಲಕ್ಕೆ ಒಗೆದಳು. ಮೊಬೈಲು ಹತ್ತಿ ಗಿಡದ ಬುಡದಲ್ಲಿ ಹೂತುಕೊಂಡಿತು, ಅಷ್ಟೇ. ಕಲ್ಲು ಹುಡುಕಿದರೆ ಆ ಹೊಲದಲ್ಲಿ ಒಂದು ಹರಳೂ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಕಳೆ ಕೀಳುತ್ತಿದ್ದ ರೇಷ್ಮಾ ಎದ್ದು ಬಂದಳು. ಮೊಬೈಲನ್ನು ಎತ್ತಿ ಸೆರಗಿನಿಂದ ಮಣ್ಣು ಒರೆಸಿದಳು.

"ಕೈ ಜಾರಿ ಬಿತ್ತು," ಎಂದಳು ನಾಗರತ್ನಾ.

"ಇಲ್ಲೆ ಒಡ್ಯೂದಿಲ್ರಿ ಅಕ್ಕಾರ," ರೇಷ್ಮಾ ಮೆಲ್ಲಗೆ ಹೇಳಿದಳು. "ನಾನೂ ಮೊದಲ ಹೊಲದಾಗನ ಒಗದು ನೋಡಿದ್ನಿ. ಕಡೀಕ ಬಾವಿ ಕಲ್ಲಿನ ಕಟ್ಟಿ ತನಕಾ ಹೋಗಬೇಕಾತು."