ತಿರುಗಿ ಬರುವ ದೋಣಿ

ಚಳಿಗೆ ಒಡೆದ ಹಿಮ್ಮಡಿಗೆ ಉಪ್ಪಾಗೆ ಹಣ್ಣಿನ ಬೀಜದಿಂದ ತೆಗೆದ ತುಪ್ಪ ಹಚ್ಚುವಾಗಲೆಲ್ಲ ಚಿಕ್ಕಂದಿನ ಆ ಬ್ಯಾಟರಿಯ ಆಟದ ದೋಣಿಯ ನೆನಪಾಗುತ್ತದೆ.

ರಿಮೋಟಿನಲ್ಲಿ ತಿರುಗಿಸುವ ಗುಂಡಿ ಕೆಟ್ಟು, ದೋಣಿ ನೇರ ಮಾತ್ರ ಹೋಗುತ್ತಿತ್ತು. ನಾನು ಕೆರೆಯ ಈ ದಡದಿಂದ ಬಿಟ್ಟರೆ ಅಣ್ಣ ಆಚೆ ದಡದಲ್ಲಿ ಹಿಡಿದು, ತಿರುಗಿಸಿ ಕಳಿಸುತ್ತಿದ್ದ. ಅವನು ಶಿರಸಿಯ ಹಾಸ್ಟೆಲಿಗೆ ಹೋದ ಮರುವಾರ, ಮೋಟರಿಗೆ ನೀರು ನುಗ್ಗದಿರಲೆಂದು ದೋಣಿಯ ಹಿಂಬದಿಯ ಫ್ಯಾನಿನ ಕಡ್ಡಿಯ ಸುತ್ತ ಅಜ್ಜಿಯ ತುಪ್ಪ ಮೆತ್ತಿದೆ.

“ಕಾಲಿಗೆ ಹಚ್ಚೋ ತುಪ್ಪ ದೋಣಿಗೆ ಎಂತಕ್ಕೆ ತಂಗಿ?” ಎಂದಳು ಅಜ್ಜಿ.

ದೋಣಿ ಎತ್ತಿಕೊಂಡು ಕೆರೆಗೆ ಹೋದೆ. ದೋಣಿಗೆ ದಾರ ಕಟ್ಟಿ ಬಿಡುವುದು, ಎಳೆದುಕೊಳ್ಳುವುದು, ಚುಕ್ಕಾಣಿಯನ್ನು ಇನ್ನಷ್ಟು ಎಡಕ್ಕೆ ಬಾಗಿಸುವುದು. ಮಧ್ಯಾಹ್ನವೆಲ್ಲ ಅದೇ. ಕೊನೆಗೆ ದೋಣಿ ದಾರವಿಲ್ಲದೆಯೇ ಅರ್ಧ ಕೆರೆ ಸುತ್ತಿ ನನ್ನ ಕಾಲ ಬುಡಕ್ಕೇ ಬಂತು.

ರಜೆಗೆ ಬಂದ ಅಣ್ಣ, “ಇದು ನೇರ ಹೋಗ್ತಿಲ್ಲೆ, ಯಾರು ಹಾಳು ಮಾಡಿದ್ದು?” ಎಂದು ಚುಕ್ಕಾಣಿಯನ್ನು ನೆಟ್ಟಗೆ ಮಾಡಿಕೊಟ್ಟು, ಸೋಮವಾರದ ಬಸ್ಸಿಗೆ ಹೊರಟುಹೋದ.