ಕೂಸಿನ ಸರದಿ

ಜೀವಮಾನದಲ್ಲಿ ಒಬ್ಬರಿಗೆ ಒಂದೇ ಸಲ ಕಾಡಿನ ಪ್ರವಾಸ, ಖರ್ಚೆಲ್ಲ ಸರಕಾರದ್ದು. ಸರದಿ ಬಂದಾಗ ಹುಬ್ಬಳ್ಳಿಯ ನೀಲಾಂಬಿಕಾ ತುಂಬು ಗರ್ಭಿಣಿ. ಬಿಟ್ಟರೆ ಮತ್ತೆ ಸಿಗದೆಂದು ಹೊರಟೇಬಿಟ್ಟಳು. ಮತ್ತಿಮರದ ಕೆಳಗೆ ಹೆರಿಗೆಯಾಯಿತು.

ಸಂಜೆ ಮಗುವನ್ನೆತ್ತಿಕೊಂಡು ಗೇಟಿಗೆ ಬಂದಾಗ ಕಾವಲುಗಾರ ವಿಠ್ಠು ಮುಜುಗರದಿಂದ ಹೇಳಿದ: "ಅಕ್ಕಾರ, ಗೇಟ್ ದಾಟಿದ್ರ ಕೂಸಿನ ಸರದೀನೂ ಮುಗದಂಗರೀ."

"ಇದು ಇನ್ನೂ ಕಣ್ಣ ತೆರದಿಲ್ಲಲ್ಲರೀ!"

"ಕಾನೂನು ಹಂಗ ಐತ್ರಿ."

ಹೊರಗೆ ಆಂಬುಲೆನ್ಸ್ ಕಾಯುತ್ತಿತ್ತು. ನೀಲಾಂಬಿಕಾ ಅದನ್ನೊಮ್ಮೆ ನೋಡಿದಳು. ಆಮೇಲೆ ಗೇಟಿಗೆ ಬೆನ್ನು ಹಾಕಿ, ಮಗುವಿನ ಮುಖವನ್ನು ಮರಗಳ ಕಡೆಗೆ ತಿರುಗಿಸಿಕೊಂಡು ನೆಲದ ಮೇಲೆ ಕುಳಿತಳು.

"ಹಂಗಾರ ಮೊದಲ ಕಣ್ಣ ತೆರೀಲಿ. ಆಮ್ಯಾಲ ದಾಟ್ತೇನಿ."

ಗೇಟು ಮುಚ್ಚುವ ಹೊತ್ತಾಗಿತ್ತು. ವಿಠ್ಠು ಬೀಗವನ್ನು ಜೇಬಿಗಿಳಿಸಿ, ತಾನೂ ಅವಳ ಪಕ್ಕ ಕೂತು, ಮಗುವಿನ ರೆಪ್ಪೆಗಳನ್ನೇ ನೋಡತೊಡಗಿದ.