ದನದ ಸಾಲಿನಲ್ಲಿ ಹೀರಾಬಾಯಿ

ಕರಜಗಿಯಲ್ಲಿ ದನಗಳಿಗೆ ಗಳಲೆ ಬೇನೆಯ ಸೂಜಿ ಹಾಕುತ್ತಿದ್ದ ದಿನ, ಬೇವಿನ ಮರದ ಕೆಳಗಿನ ಸಾಲಿನಲ್ಲಿ ಎತ್ತು ಎಮ್ಮೆಗಳ ಹಿಂದೆ ಹೀರಾಬಾಯಿ ತನ್ನ ಮೂರು ಮಕ್ಕಳನ್ನು ಕರೆದುಕೊಂಡು ಬಂದು ನಿಂತಳು. ಕೂಸು ಸೊಂಟದ ಮೇಲೆ, ಉಳಿದಿಬ್ಬರು ಅಕ್ಕಪಕ್ಕ.

ಮೊದಲು ನಕ್ಕವನು ಎಮ್ಮೆ ಹಿಡಿದಿದ್ದ ದತ್ತಪ್ಪ. ಆಮೇಲೆ ಇಡೀ ಸಾಲೇ ನಕ್ಕಿತು. ಜೋಡೆತ್ತಿಗೆ ಆಗಷ್ಟೇ ಸೂಜಿ ಹಾಕಿಸಿ ಅವುಗಳ ಕೊರಳು ತಿಕ್ಕುತ್ತಿದ್ದ ಅವಳ ಗಂಡ ಮಲ್ಕಪ್ಪ ಮಾತ್ರ ಹುಳಿ ಮಜ್ಜಿಗೆ ಕುಡಿದವನಂತೆ ಮುಖ ಮಾಡಿದ.

"ಇಲ್ಲೇನ ಮಾಡಾಕತ್ತಿ ಬೇ? ಮಂದಿ ನಗಾಕತ್ತಾರ!"

"ನಗಲಿ ಬಿಡ್ರಿ. ಮಕ್ಕಳಿಗಿ ಸೂಜಿ ಹಾಕಸಾಕ ಬಂದೀನಿ."

ದನದ ಡಾಕ್ಟರು ದೌಲತರಾಯರು ಗಾಜಿನ ಸಿರಿಂಜು ಹಿಡಿದುಕೊಂಡೇ ಹತ್ತಿರ ಬಂದರು. "ತಂಗಿ, ಇದು ದನದ ಸೂಜಿ ಅದವಾ. ನರ್ಸಬಾಯಿ ಅಲ್ಲಿ ಕುಂತಾಳ ನೋಡು." ನಿಜ, ಎದುರಿನ ಶಾಲೆಯ ಕಟ್ಟೆಯ ಮೇಲೆ ನರ್ಸ್ ನಜಮುನ್ನಿಸಾ ಔಷಧದ ಡಬ್ಬಿ ಮುಂದಿಟ್ಟುಕೊಂಡು ಬೆಳಗಿನಿಂದ ನೊಣ ಹೊಡೆಯುತ್ತ ಕೂತಿದ್ದಳು. ಅವಳ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಆ ಬಾಯಿ ಮೂರು ಸಲ ನಮ್ಮ ಮನಿಗಿ ಬಂದಾಳ್ರಿ ಸಾಹೇಬ್ರ. ಮೂರೂ ಸಲ ಇವರು ಬಾಗಲಾ ಹಾಕ್ಯಾರ. ಸೂಜಿ ಹಾಕಿಸಿದ್ರ ಮಕ್ಕಳಿಗಿ ಜ್ವರ ಬರ್ತಾವಂತ. ಈ ಮನಷ್ಯಾ ನಂಬೋದು ನಿಮ್ಮನ್ನ ಒಬ್ಬರನ್ನೇ. ನೀವೇ ಹಾಕಿ ಬಿಡ್ರಿ."

ದತ್ತಪ್ಪ ಸುಮ್ಮನಿರುವ ಪೈಕಿಯೇ? ಹೋರಿಯ ವಯಸ್ಸು ನೋಡುವವರಂತೆ ಕೂಸಿನ ತುಟಿ ಎತ್ತಿ, "ಎರಡ ಹಲ್ಲು ಆಗ್ಯಾವ್ರಿ ಸಾಹೇಬ್ರ, ಮಾಲು ಛಲೋ ಅದ!" ಎಂದ. ಕೂಸು ಆ ಎರಡೇ ಹಲ್ಲಿನಿಂದ ಅವನ ಬೆರಳು ಕಚ್ಚಿತು. ದೊಡ್ಡ ಮಗಳು ಖುಷಿ ಹೆಚ್ಚಾಗಿ "ಅಂಬಾ" ಎಂದು ಕೂಗಿದಳು. ಒಂದು ಎಮ್ಮೆ ಅದಕ್ಕೆ ಉತ್ತರವನ್ನೂ ಕೊಟ್ಟಿತು.

"ಎತ್ತೂ ಮಕ್ಕಳೂ ಒಂದೇ ಏನ?" ಮಲ್ಕಪ್ಪ ಗುಡುಗಿದ.

ಹೀರಾಬಾಯಿ ನಗುತ್ತಲೇ ಬಾಯಿ ತೆರೆದಳು. ಮಾತು ಬರುವಷ್ಟರಲ್ಲಿ ಕಣ್ಣು ತುಂಬಿದ್ದವು. "ಒಂದೇ ಅಲ್ರಿ. ಚೌಡಾಪುರದಾಗ ನಮ್ಮ ಅಕ್ಕನ ಕೂಸು ನಾಯಿಕೆಮ್ಮಿನಾಗ ಹೋಗಿ ಇನ್ನಾ ತಿಂಗಳಾಗಿಲ್ಲ. ಎತ್ತು ಹೋದ್ರ ಸಂತ್ಯಾಗ ಇನ್ನೊಂದು ಸಿಗ್ತದ. ಇವು ಎಲ್ಲಿ ಸಿಗ್ತಾವ?"

ಮಲ್ಕಪ್ಪ ಎತ್ತಿನ ಹಗ್ಗವನ್ನು ಹೆಂಡತಿಯ ಕೈಗೆ ಕೊಟ್ಟು, ಕೂಸನ್ನು ಎತ್ತಿಕೊಂಡು, ಉಳಿದಿಬ್ಬರನ್ನು ಮುಂದೆ ಮಾಡಿಕೊಂಡು ಶಾಲೆಯ ಕಟ್ಟೆಗೆ ನಡೆದ. "ಜರಾ ಸಣ್ಣ ಸೂಜಿ ನೋಡಿ ಹಾಕ್ರಿ ಬಾಯಿ" ಎಂದು ನಜಮುನ್ನಿಸಾಳನ್ನು ಬೇಡಿಕೊಂಡ. ಮೂರು ಮಕ್ಕಳು ಮೂರು ರಾಗದಲ್ಲಿ ಅತ್ತವು. ನಾಲ್ಕನೆಯ ರಾಗ ಮಲ್ಕಪ್ಪನದು.

ಮನೆ ಇದ್ದದ್ದು ಎರಡು ಮೈಲಿಯಾಚೆ ಹೊಲದಲ್ಲಿ. ಮಕ್ಕಳು ನಡೆಯಲೊಲ್ಲೆವೆಂದು ಕೂತುಬಿಟ್ಟರು. ಮಲ್ಕಪ್ಪ ಅವರನ್ನು ಎತ್ತಿನ ಮೇಲೆ ಕೂರಿಸಲು ಹೋದರೆ ಹೀರಾಬಾಯಿ ತಡೆದಳು. "ಸೂಜಿ ಹಾಕಿದ ಎತ್ತಿನ ಮ್ಯಾಲ ಎರಡ ದಿನ ಭಾರ ಹೇರಬ್ಯಾಡ ಅಂದಾರ ಡಾಕ್ಟರ." ಹೀಗಾಗಿ ಒಬ್ಬಳು ಹೆಗಲ ಮೇಲೆ, ಒಬ್ಬ ಬೆನ್ನ ಮೇಲೆ, ಕೂಸು ಎದೆಗೆ. ಮಲ್ಕಪ್ಪ ಏದುಸಿರು ಬಿಡುತ್ತ ನಡೆದ. ಎತ್ತುಗಳು ಆರಾಮಾಗಿ ಮುಂದೆ ಹೋದವು.

ಎದುರಿಗೆ ಬಂದ ಮುದುಕ ಸೈದಪ್ಪ ನಿಂತು ನೋಡಿದ. "ಹೀರಾಬಾಯಿ, ಈ ಮೂರನೇ ಎತ್ತು ಎಲ್ಲಿ ಸಿಕ್ತವಾ?"

"ಮನ್ಯಾಗೇ ಇತ್ತು ಕಾಕಾ," ಎಂದಳು ಹೀರಾಬಾಯಿ. "ಇವತ್ತ ಪಳಗ್ಯಾದ!"